ಕಿಟಕಿ ಹ್ಯಾಂಡಲ್ ಬದಲಾಯಿಸೋಕೆ ಯಾರನ್ನಾದ್ರೂ ಕರೆಸೋ ಮುಂಚೆ ಇದನ್ನೊಮ್ಮೆ ಓದಿ

ಕಿಟಕಿ ಹ್ಯಾಂಡಲ್ ಮುರಿದಿದೆ, ಇಲ್ಲಾ ಲೂಸಾಗಿ ಸುಮ್ನೆ ಗಿರಗಿರ ತಿರುಗ್ತಿದೆ ಅಂತಿದ್ರೆ ರಿಪೇರಿಯವ್ರಿಗೆ ಫೋನ್ ಮಾಡೋ ಮುಂಚೆ ಇದನ್ನ ಓದ್ಬಿಡಿ. ಒಂದು ಹ್ಯಾಂಡಲ್ ಹಾಕೋ ಕೆಲಸ ಅಂತ ಶುರುವಾಗಿದ್ದು ನಮ್ಮನೇಲಿ ಇಡೀ ಕಿಟಕೀನೇ ಕಿತ್ತು ಹೊಸದು ಕೂರ್ಸಿ ಅನ್ನೋವರ್ಗೂ ಹೋಯ್ತು. ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದು ಅಂತಾರಲ್ಲ, ಹಂಗೆ.

ನಮ್ದು ಯುಪಿವಿಸಿ ಕಿಟಕಿ, ಅಂದ್ರೆ ಗಟ್ಟಿ ಪ್ಲಾಸ್ಟಿಕ್ ಫ್ರೇಮಿಂದು, ಹೊರಗಡೆಗೆ ತೆರೆಯೋ ಥರದ್ದು. ಬೆಡ್‌ರೂಮಿನ ಕಿಟಕಿ ಹ್ಯಾಂಡಲ್ ಸುಮಾರು ದಿನದಿಂದ ಬಿಗಿಯಾಗ್ತಾ ಬಂದಿತ್ತು, ಲಾಕ್ ಮಾಡ್ಬೇಕಂದ್ರೆ ಕಿಟಕಿ ಬಾಗ್ಲನ್ನ ಒಂದು ಕೈಲಿ ಒಳಗೆ ಎಳ್ಕೊಂಡು ಇನ್ನೊಂದು ಕೈಲಿ ತಿರುಗಿಸ್ಬೇಕಿತ್ತು, ಅಮ್ಮನ ಕೈಲಂತೂ ಆಗ್ತಾನೇ ಇರ್ಲಿಲ್ಲ. ಕೊನೆಗೊಂದಿನ ಕಟಕ್ ಅಂತ ಸದ್ದಾಗಿ ಹ್ಯಾಂಡಲ್ ಕೈಗೇ ಬಂತು. ಕಿಟಕಿ ಕೆಲಸ ಎಲ್ಲಾ ಮಾಡ್ತೀವಿ ಅನ್ನೋ ಒಬ್ರನ್ನ ಕರೆಸಿದ್ವಿ. ಬಂದವ್ರು ಬಾಗ್ಲನ್ನ ತೆಗೆದು ನೋಡ್ಲೂ ಇಲ್ಲ, ಟೇಪ್ ಹೊರಗೆ ತೆಗೀಲೂ ಇಲ್ಲ, ಬ್ಯಾಗಿಂದ ಒಂದು ಹ್ಯಾಂಡಲ್ ತೆಗೆದು "ಇದು ಯೂನಿವರ್ಸಲ್ ಸಾರ್, ಎಲ್ಲಾ ಕಿಟಕಿಗೂ ಆಗುತ್ತೆ" ಅಂದ್ರು. ಈ ಮಾತು ಕೇಳಿದ ತಕ್ಷಣ ಎಚ್ಚರ ಆಗಿ. ಎಲ್ಲಾ ಕಿಟಕಿಗೂ ಆಗೋ ಹ್ಯಾಂಡಲ್ ಅಂತ ಒಂದು ಇಲ್ವೇ ಇಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಜೊತೆಗೆ ಒಂದು ಮ್ಯಾಗ್ನೆಟ್ ಶೋ ಬೇರೆ. ಜೇಬಿಂದ ಪುಟ್ಟ ಮ್ಯಾಗ್ನೆಟ್ ತೆಗೆದು ಹ್ಯಾಂಡಲ್‌ಗೆ ತಾಗಿಸಿ "ನೋಡಿ ಅಂಟ್ತಾ ಇಲ್ಲ, ಪ್ಯೂರ್ ಸ್ಟೇನ್‌ಲೆಸ್ ಸ್ಟೀಲ್" ಅಂತ. 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲಿಗೆ ಮ್ಯಾಗ್ನೆಟ್ ಹೆಚ್ಚುಕಮ್ಮಿ ಅಂಟಲ್ಲ ಅನ್ನೋದು ನಿಜಾನೇ, ಆದ್ರೆ ಅಲ್ಯುಮಿನಿಯಂಗೂ ಅಂಟಲ್ಲ, ಹಿತ್ತಾಳೆಗೂ ಅಂಟಲ್ಲ, ಜಿಂಕ್ ಎರಕ ಹೊಯ್ದು ಮೇಲೆ ಪಾಲಿಶ್ ಕೊಟ್ಟಿರೋದಕ್ಕೂ ಅಂಟಲ್ಲ! ಮ್ಯಾಗ್ನೆಟ್ ಅಂಟ್ಲಿಲ್ಲ ಅಂದ್ರೆ ಅದು ಮಾಮೂಲಿ ಕಬ್ಬಿಣ ಅಲ್ಲ ಅಂತಷ್ಟೇ ಗೊತ್ತಾಗೋದು. ಜಿಂಕ್ ಹ್ಯಾಂಡಲ್ ಅಂದ್ರೆ ಕೆಟ್ಟದು ಅಂತಲ್ಲ, ಒಳ್ಳೆ ಕಂಪನಿಯವ್ರೂ ಅದ್ರಲ್ಲೇ ಮಾಡ್ತಾರೆ, ಆದ್ರೆ ಅದನ್ನ ಸ್ಟೀಲ್ ಅಂತ ಹೇಳಿ ಸ್ಟೀಲ್ ರೇಟ್ ಹಾಕೋದು ಬೇರೆ ವಿಷ್ಯ. ಜಿಂಕ್ ಎರಕದ್ದು ಜಾಸ್ತಿ ಬಲ ಬಿದ್ರೆ ಬಗ್ಗೋದು ಕಮ್ಮಿ, ಪಟ್ ಅಂತ ಮುರಿಯೋದೇ.

ಸರಿ, ಹಾಕಿದ್ರು. ಹಳೇ ಸ್ಕ್ರೂ ಎಲ್ಲೋ ಬಿದ್ದೋಯ್ತು ಅಂತ ಮರಕ್ಕೆ ಹಾಕೋ ಥರದ ಚೂಪು ತುದಿ ಸ್ಕ್ರೂ ಹಾಕಿ ಡ್ರಿಲ್ ಮೆಷೀನಲ್ಲೇ ಟರ್ರ್ ಅಂತ ಬಿಗಿದ್ರು. ಮುರಿದ ಹ್ಯಾಂಡಲ್ಲನ್ನ "ವೇಸ್ಟ್ ಅಲ್ವಾ" ಅಂತ ತಮ್ಮ ಬ್ಯಾಗಿಗೇ ಹಾಕ್ಕೊಂಡ್ರು. ತಿರುಗಿಸಿ ತೋರ್ಸಿದ್ರು, ತಿರುಗ್ತು. ದುಡ್ಡು ಇಸ್ಕೊಂಡು ಹೋದ್ರು.

ಸ್ವಲ್ಪ ದಿನ ಚೆನ್ನಾಗೇ ಇತ್ತು. ಆಮೇಲೆ ತಿರುಗಿಸುವಾಗ ಒಂದೊಂದ್ಸಲ ಜಾರಿದಂಗೆ ಆಗೋದು, ಮತ್ತೆ ಹಿಡ್ಕೊಳ್ಳೋದು. ಫೋನ್ ಮಾಡಿದ್ರೆ "ಹೊಸದಲ್ವಾ, ಬಳಸ್ತಾ ಬಳಸ್ತಾ ಸೆಟ್ ಆಗುತ್ತೆ". ಹ್ಯಾಂಡಲ್ ಏನು ಚಪ್ಪಲೀನಾ ಸ್ವಾಮಿ ಬಳಸ್ತಾ ಸೆಟ್ ಆಗೋಕೆ! ಒಂದು ರಾತ್ರಿ ಗಾಳಿ ಮಳೆ ಜೋರಾಗಿ ಬಂತು, ಹ್ಯಾಂಡಲ್ ನೋಡಿದ್ರೆ ಲಾಕ್ ಪೊಸಿಶನ್ನಲ್ಲೇ ಇದೆ, ಆದ್ರೆ ಒಳಗಡೆ ಲಾಕ್ ಬಿದ್ದೇ ಇಲ್ಲ, ಕಿಟಕಿ ಬಾಗ್ಲು ಧಡಾರ್ ಅಂತ ಹೊರಗೆ ಹಾರಿ ಹಿಂಜೇ ಬಗ್ಗೋಯ್ತು, ಹಾಸಿಗೆ ಎಲ್ಲಾ ಒದ್ದೆ. ಗಾಜು ಒಡೀಲಿಲ್ಲ, ಕೆಳಗೆ ಯಾರೂ ಇರ್ಲಿಲ್ಲ, ಅದೇ ಪುಣ್ಯ. ಮುರಿದ ಹ್ಯಾಂಡಲ್ಲಿಗಿಂತ ಇದು ಅಪಾಯ ಅನ್ಸಿದ್ದು ಯಾಕಂದ್ರೆ ಮುರಿದಿದ್ರೆ ಕಣ್ಣಿಗೆ ಕಾಣುತ್ತೆ, ನಾವು ಹುಷಾರಾಗಿರ್ತೀವಿ, ಇಲ್ಲಿ ಲಾಕ್ ಆಗಿದೆ ಅಂತ ನಂಬ್ಕೊಂಡು ಮಲಗಿರ್ತೀವಿ. ಮಕ್ಕಳಿರೋ ಮನೆ, ಮೇಲಿನ ಮಹಡಿ ಅಂದ್ರಂತೂ ಕೇಳೋದೇ ಬೇಡ.

ಅದೇ ಆಸಾಮಿ ಮತ್ತೆ ಬಂದು ಈ ಸಲ ಮುಖ ಗಂಭೀರ ಮಾಡ್ಕೊಂಡು "ಒಳಗಿನ ಗೇರ್‌ಬಾಕ್ಸ್ ಹೋಗಿದೆ, ಈ ಮಾಡೆಲ್ ಈಗ ಬರಲ್ಲ, ಕಿಟಕೀನೇ ಚೇಂಜ್ ಮಾಡ್ಬೇಕು" ಅಂದ್ರು. ಕೊಟೇಶನ್ ಆಗ್ಲೇ ರೆಡಿ!

ಆಮೇಲೆ ಪರಿಚಯದವ್ರ ಕಡೆಯಿಂದ ಇನ್ನೊಬ್ರು ಬಂದ್ರು, ವಯಸ್ಸಾದವ್ರು, ಮಾತು ಕಮ್ಮಿ. ಅವ್ರು ಮೊದ್ಲು ಮಾಡಿದ ಕೆಲಸ ಅಂದ್ರೆ ಹ್ಯಾಂಡಲ್ ಬಿಚ್ಚಿ ನನ್ನ ಕೈಗೆ ಕೊಟ್ಟು "ಇದ್ರ ಕಡ್ಡಿ ಎಷ್ಟುದ್ದ ಇದೆ ನೋಡಿ" ಅಂದಿದ್ದು. ಹ್ಯಾಂಡಲ್ ಹಿಂದೆ ಒಂದು ಚೌಕ ಕಡ್ಡಿ ಇರುತ್ತೆ, ಅದೇ ಸ್ಪಿಂಡಲ್. ಅದು ಕಿಟಕಿ ಬಾಗ್ಲೊಳಗಿರೋ ಗೇರ್‌ಬಾಕ್ಸಿನ ಚೌಕ ತೂತೊಳಗೆ ಹೋಗಿ ಕೂರ್ಬೇಕು, ಹ್ಯಾಂಡಲ್ ತಿರುಗಿಸಿದಾಗ ಆ ಗೇರ್‌ಬಾಕ್ಸ್ ಉದ್ದ ಪಟ್ಟಿಯೊಂದನ್ನ ಮೇಲೆ ಕೆಳಗೆ ಜರುಗಿಸುತ್ತೆ, ಪಟ್ಟಿ ಮೇಲೆ ಉಬ್ಬಿರೋ ಗುಂಡಿಗಳು ಫ್ರೇಮಲ್ಲಿರೋ ಕೊಂಡಿಗೆ ಸಿಕ್ಕಿದ್ರೆ ಲಾಕ್. ಯುಪಿವಿಸಿ ಕಿಟಕೀಲಿ ಈ ಸ್ಪಿಂಡಲ್ ದಪ್ಪ ಸಾಮಾನ್ಯವಾಗಿ 7 ಎಂಎಂ ಚೌಕ, ಎರಡು ಸ್ಕ್ರೂಗಳ ಮಧ್ಯದ ಅಂತರ ಸಾಮಾನ್ಯವಾಗಿ 43 ಎಂಎಂ. ಯೂನಿವರ್ಸಲ್ ಅಂತ ಮಾರೋರು ಈ ಎರಡು ಅಳತೆ ನಂಬ್ಕೊಂಡೇ ಹಂಗೆ ಹೇಳೋದು, ತೂತಿಗೆ ತೂತು ಕೂರುತ್ತೆ, ನೋಡೋಕೆ ಸರಿಯಾಗೇ ಕಾಣುತ್ತೆ. ಆದ್ರೆ ಉದ್ದ? ಅದು 10, 15, 20, 30, 40 ಎಂಎಂ ಅಂತ ಕಿಟಕಿಯಿಂದ ಕಿಟಕಿಗೆ ಬೇರೆ ಬೇರೆ. ನಮಗೆ ಹಾಕಿದ್ದು ಗಿಡ್ಡ. ತುದಿ ಮಾತ್ರ ಗೇರ್‌ಬಾಕ್ಸಿಗೆ ತಾಗ್ತಿತ್ತು, ತಿರುಗಿಸಿದ ಹಾಗೆಲ್ಲ ಆ ಚೌಕ ತೂತಿನ ಅಂಚು ಸವೆದು ಸವೆದು ಗುಂಡಗಾಗಿ ಕೊನೆಗೆ ಕಡ್ಡಿ ಸುಮ್ನೆ ಒಳಗೇ ಸುತ್ತೋಕೆ ಶುರುವಾಗಿದೆ. ಸ್ಕ್ರೂ ಕಥೆಯೂ ಅಷ್ಟೇ. ಅಲ್ಲಿ ಬೇಕಾಗಿದ್ದು ಒಂದೇ ಸಮ ದಪ್ಪ ಇರೋ 5 ಎಂಎಂ ಮೆಷೀನ್ ಸ್ಕ್ರೂ, ಮರದ ಸ್ಕ್ರೂ ತುರುಕಿದ್ರಿಂದ ಒಳಗಿನ ಥ್ರೆಡ್ಡೂ ಹೋಗಿತ್ತು.

ಅಂದ್ರೆ ಗೇರ್‌ಬಾಕ್ಸ್ ಹೋಗಿದೆ ಅಂದಿದ್ದು ಸುಳ್ಳಲ್ಲ. ಯಾರಿಂದ ಹೋಗಿದ್ದು ಅನ್ನೋದೊಂದೇ ಹೇಳ್ಲಿಲ್ಲ ಅಷ್ಟೆ.

ಇನ್ನು ಕಿಟಕೀನೇ ಬದಲಾಯಿಸ್ಬೇಕು ಅನ್ನೋ ಮಾತು. ಗೇರ್‌ಬಾಕ್ಸ್ ಬೇರೆಯಾಗಿ ಸಿಗುತ್ತೆ, ಕಿಟಕಿ ಮಾಡಿದ ಕಂಪನಿದೇ ಆಗ್ಬೇಕು ಅಂತೇನೂ ಇಲ್ಲ, ಅಳತೆ ಹೊಂದ್ಬೇಕು. ಮುಖ್ಯವಾಗಿ ನೋಡ್ಬೇಕಾದ್ದು ಬಾಗ್ಲಿನ ಅಂಚಲ್ಲಿ ಕಾಣೋ ಲೋಹದ ಪಟ್ಟಿ ಮುಖದಿಂದ ಸ್ಪಿಂಡಲ್ ತೂತಿನ ನಡುವಿಗೆ ಎಷ್ಟು ದೂರ ಅಂತ, ಆಮೇಲೆ ಪಟ್ಟಿ ಉದ್ದ, ಲಾಕ್ ಗುಂಡಿಗಳು ಎಲ್ಲೆಲ್ಲಿವೆ ಅನ್ನೋದು. ಈ ಹಿರಿಯರು ಹಳೇದನ್ನ ಬಿಚ್ಚಿ ಜೊತೇಲಿ ತಗೊಂಡೋಗಿ ಅಳತೆ ಹೊಂದೋದು ತಂದು ಹಾಕಿದ್ರು, ಬಗ್ಗಿದ ಹಿಂಜ್ ಬದಲಾಯಿಸಿದ್ರು, ಕಿಟಕಿ ಅದೇ ಹಳೇ ಕಿಟಕಿ, ಈಗ ಅಮ್ಮ ಒಂದೇ ಕೈಲಿ ಲಾಕ್ ಮಾಡ್ತಾರೆ.

ಅವ್ರು ತೋರಿಸಿಕೊಟ್ಟ ಒಂದು ಟೆಸ್ಟ್ ಇದೆ, ಇದು ನಿಮಗೆಲ್ಲ ಗೊತ್ತಿರ್ಲೇಬೇಕು. ಹ್ಯಾಂಡಲ್ ಬಿಗಿಯಾಗಿದ್ರೆ ಕಿಟಕಿ ಬಾಗ್ಲನ್ನ ತೆರೆದಿಟ್ಕೊಂಡೇ ಹ್ಯಾಂಡಲ್ ತಿರುಗಿಸಿ ನೋಡಿ. ತೆರೆದಾಗ ಸಲೀಸಾಗಿ ತಿರುಗಿ, ಮುಚ್ಚಿದಾಗ ಮಾತ್ರ ಬಿಗಿ ಆದ್ರೆ ತೊಂದ್ರೆ ಹ್ಯಾಂಡಲ್ಲಲ್ಲಿ ಇಲ್ಲ, ಬಾಗ್ಲು ಜೋತುಬಿದ್ದು ಗುಂಡಿಗಳು ಕೊಂಡಿಗೆ ಸರಿಯಾಗಿ ಸಿಗ್ತಿಲ್ಲ, ಹಿಂಜ್ ಕಡೆ ನೋಡ್ಬೇಕು. ತೆರೆದಾಗ್ಲೂ ಬಿಗಿ ಇದ್ರೆ ಗೇರ್‌ಬಾಕ್ಸ್ ಒಣಗಿದೆ ಇಲ್ಲಾ ಸವೆದಿದೆ, ಇಲ್ಲಾ ಹ್ಯಾಂಡಲ್ ಸ್ಕ್ರೂ ಅತಿಯಾಗಿ ಬಿಗಿದಿದಾರೆ. ಒಂದು ಮಾತು, ಕಿಟಕಿ ಪಕ್ಕಕ್ಕೂ ತೆರೆದು ಮೇಲಿಂದ ಒಳಗೂ ವಾಲೋ ಥರದ್ದಾದ್ರೆ ಈ ಟೆಸ್ಟ್ ಮಾಡೋಕೆ ಹೋಗ್ಬೇಡಿ, ತೆರೆದಿರೋವಾಗ ಹ್ಯಾಂಡಲ್ ತಿರುಗಿಸಿದ್ರೆ ಭಾರದ ಬಾಗ್ಲು ಮೇಲ್ಗಡೆ ಬಿಟ್ಕೊಂಡು ನಿಮ್ಮ ಕಡೆಗೇ ವಾಲುತ್ತೆ. ನಮ್ಮ ಕಿಟಕಿಗೆ ಮೊದಲಿಂದ ಇದ್ದಿದ್ದು ಹಿಂಜ್ ತೊಂದ್ರೆ, ಹ್ಯಾಂಡಲ್ ಮುರಿದಿದ್ದು ಅದರ ಫಲ. ಕಾರಣ ಹಂಗೇ ಬಿಟ್ಟು ಹ್ಯಾಂಡಲ್ ಮಾತ್ರ ಹಾಕಿದ್ರೆ ಎಂಥ ಸ್ಟೀಲ್ ಹಾಕಿದ್ರೂ ಅದೂ ಒಂದಿನ ಮುರಿಯೋದೇ. ಬಂದವ್ರು ಬಾಗ್ಲು ತೆರೆದು ಮುಚ್ಚಿ ನೋಡ್ದೆ ಹ್ಯಾಂಡಲ್ಲಿಗೆ ಕೈ ಹಾಕಿದ್ರೆ ಅಲ್ಲೇ ನಿಲ್ಸಿ.

ಹಳೇ ಹ್ಯಾಂಡಲ್ ಮಾತ್ರ ಯಾರಿಗೂ ಕೊಡ್ಬೇಡಿ, ಮುರಿದಿದ್ರೂ ಸರಿ. ಅಳತೆಗೆ ಇರೋ ಸಾಕ್ಷಿ ಅದೊಂದೇ. ಬಿಚ್ಚೋದು ಕಷ್ಟ ಇಲ್ಲ, ಬುಡದಲ್ಲಿ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇದ್ರೆ ಎಬ್ಬಿಸ್ಬೇಕು ಅಥವಾ ಮುಚ್ಚಿರೋ ಪಟ್ಟಿ ತಿರುಗಿಸ್ಬೇಕು, ಕೆಲವದ್ರಲ್ಲಿ ಹ್ಯಾಂಡಲ್ ಅರ್ಧ ತಿರುಗಿಸಿದ್ರೇನೇ ಎರಡನೇ ಸ್ಕ್ರೂ ಕಾಣೋದು. ಸ್ಪಿಂಡಲ್ ಉದ್ದ ಅಳೀಬೇಕಾದ್ದು ಹ್ಯಾಂಡಲ್ ಬುಡದ ಸಪಾಟು ತಳದಿಂದ ಕಡ್ಡಿ ತುದಿಗೆ. ಸರಿಯಾದ ಅಳತೆ ಸಿಗ್ಲೇ ಇಲ್ಲ ಅಂದ್ರೆ ಉದ್ದ ಇರೋದನ್ನ ತಗೊಂಡು ಗರಗಸದಲ್ಲಿ ಕುಯ್ಸಬಹುದು, ಗಿಡ್ಡ ಇರೋದನ್ನ ಏನೂ ಮಾಡೋಕಾಗಲ್ಲ. ಎಡಗಡೆ ಬಲಗಡೆ ಅಂತ ಬೇರೆ ಬೇರೆ ಬರೋ ಬಾಗಿದ ಹ್ಯಾಂಡಲ್ಲೂ ಇವೆ, ಹಿಂಜ್ ಯಾವ ಕಡೆ ಇದೆ ಅಂತ ನೋಡ್ಕೊಂಡು ತಗೊಳ್ಳಿ. ಮೊದ್ಲಿದ್ದ ಹ್ಯಾಂಡಲ್ಲಿಗೆ ಕೀ ಇದ್ರೆ ಹೊಸದಕ್ಕೂ ಕೀ ಇರೋದೇ ಕೇಳಿ, ನಮಗೆ ಕೀ ಇಲ್ದಿರೋದನ್ನ ಹಾಕಿ ಅದರ ಬಗ್ಗೆ ಒಂದು ಮಾತೂ ಆಡಿರ್ಲಿಲ್ಲ. ಆ ಕೀ ಮಕ್ಕಳಿಗೆ ಎಟುಕ್ದೆ ಇರ್ಲಿ, ಆದ್ರೆ ಅದೇ ರೂಮಲ್ಲಿರ್ಲಿ, ಬೆಂಕಿ ಗಿಂಕಿ ಅಂದಾಗ ಮನೆಯೆಲ್ಲಾ ಹುಡುಕೋಕಾಗಲ್ಲ.

ಸ್ಪಿಂಡಲ್ಲೇ ಇಲ್ದೆ ಹ್ಯಾಂಡಲ್ಲಿಂದ ಚಾಚಿರೋ ತುಂಡೊಂದು ಫ್ರೇಮಿನ ಮೇಲೆ ಕೂತು ಹಿಡ್ಕೊಳ್ಳೋ ಥರದ್ದಾದ್ರೆ ಬುಡದಿಂದ ಆ ತುಂಡಿನ ತಳದವರೆಗಿನ ಎತ್ತರ ಅಳೀರಿ, ಒಂದೆರಡು ಎಂಎಂ ಹೆಚ್ಚುಕಮ್ಮಿ ಆದ್ರೂ ಕಿಟಕಿ ಗಡಗಡ ಅಲ್ಲಾಡುತ್ತೆ ಇಲ್ಲಾ ಮುಚ್ಚೋದೇ ಇಲ್ಲ. ಮರದ ಕಿಟಕಿಯವ್ರು ಅದೃಷ್ಟವಂತರು, ಚಿಲಕ ಸಡಿಲ ಆಗಿದ್ರೆ ತೂತಿಗೆ ಗೋಂದು ಹಚ್ಚಿದ ಮರದ ಚಕ್ಕೆ ತುಂಬಿ, ಒಣಗಿದ ಮೇಲೆ ಅದೇ ಸ್ಕ್ರೂ ಹಾಕಿದ್ರೆ ಆಯ್ತು.

ಆ ಮೊದಲ್ನೇ ಆಸಾಮಿಗೆ ಫೋನ್ ಮಾಡಿ ಗೇರ್‌ಬಾಕ್ಸ್ ಹಿಂಜ್ ಎರಡೂ ನಿಮ್ಮಿಂದ ಹೋಗಿದ್ದು, ಗ್ಯಾರಂಟಿ ಅಂದಿದ್ರಲ್ಲ, ದುಡ್ಡು ವಾಪಸ್ ಕೊಡಿ ಅಂದೆ. "ಗ್ಯಾರಂಟಿ ಹ್ಯಾಂಡಲ್ಲಿಗೆ ಸಾರ್, ಹ್ಯಾಂಡಲ್ ಮುರಿದಿದ್ಯಾ?" ಅಂದ್ರು. ಮುರಿದಿಲ್ಲ. ಬಿಲ್ಲಲ್ಲೂ ಬರೀ ಹ್ಯಾಂಡಲ್ ಅಂತಷ್ಟೇ ಇದೆ, ಸೈಜೂ ಇಲ್ಲ, ಯಾವ ಲೋಹ ಅಂತಾನೂ ಇಲ್ಲ, ಫಿಟ್ಟಿಂಗ್ ಮಾತೂ ಇಲ್ಲ. ನೀವು ಕರೆಸೋದಾದ್ರೆ ಸ್ಪಿಂಡಲ್ ಉದ್ದ, ಲೋಹ, ಫಿಟ್ಟಿಂಗಿಂದ ಬೇರೆ ಪಾರ್ಟ್ ಹೋದ್ರೆ ಯಾರು ಜವಾಬ್ದಾರಿ, ಇಷ್ಟನ್ನ ದುಡ್ಡು ಕೊಡೋ ಮುಂಚೇನೇ ಬಿಲ್ಲಲ್ಲಿ ಬರೆಸ್ಕೊಳ್ಳಿ.