ಬೇಡದ ಪ್ಯಾಕೇಜ್ ಗುಡಿಸುವ ಸ್ಕ್ರಿಪ್ಟ್: ಎರಡು ವರ್ಷ ಓಡಿಸಿದ ಮೇಲೆ

ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಉಂಟು. ಮೂರು ಕಂಪ್ಯೂಟರ್. ಒಂದರಲ್ಲಿ ವಿಂಡೋಸ್, ಅದು ನುಡಿ ಫೈಲ್ ಹಿಡಿದುಕೊಂಡು ಬರುವವರಿಗೆ. ಉಳಿದ ಎರಡರಲ್ಲಿ ವಿಂಡೋಸ್ ಬದಲಿಗೆ ಉಬುಂಟು 22.04 ಎಂಬ ಲಿನಕ್ಸ್. ಎರಡಕ್ಕೂ 120 ಜಿಬಿಯ ಎಸ್‌ಎಸ್‌ಡಿ, ಅದರಲ್ಲಿ ಗಿರಾಕಿಗಳ ಫೋಟೋ, ಪಿಡಿಎಫ್‌ಗಳೇ ಅರ್ಧಕ್ಕಿಂತ ಜಾಸ್ತಿ. ಹಾಗಾಗಿ ಬೇಡದ ಪ್ಯಾಕೇಜ್ (ಇನ್‌ಸ್ಟಾಲ್ ಮಾಡಿದ ಪ್ರೋಗ್ರಾಂ, ಫಾಂಟ್ ಇತ್ಯಾದಿ) ತೆಗೆದು ಜಾಗ ಖಾಲಿ ಮಾಡುವ ಸ್ಕ್ರಿಪ್ಟ್, ಅಂದರೆ ಸಾಲಾಗಿ ಓಡುವ ಆಜ್ಞೆಗಳ ಫೈಲ್, ಅಂತ ಅಕ್ಕನ ಮಗ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟಾಗ ನಾನು ಹಿಂದೆಮುಂದೆ ನೋಡಲಿಲ್ಲ. "ಮಾವ, ತಿಂಗಳಿಗೊಮ್ಮೆ ಓಡಿಸಿ, ಸಾಕು" ಅಂದ. ಓಡಿಸಿದೆ. ಎರಡು ವರ್ಷ ಆಯಿತು.

ಮೊದಲು ಒಳ್ಳೆಯದು ಹೇಳುತ್ತೇನೆ. ಹಳೆಯ ಕರ್ನಲ್ (ಉಬುಂಟುವಿನ ತಿರುಳು) ತೆಗೆಯುವ ಕೆಲಸ ಚೆನ್ನಾಗಿ ಮಾಡುತ್ತದೆ. ಒಂದು ಕಂಪ್ಯೂಟರಿನಲ್ಲಿ ಜನರ ಆಧಾರ್ ಕಾಪಿ ಎಲ್ಲ ಇರುತ್ತದಲ್ಲ, ಅದಕ್ಕೆ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದೇನೆ. ಹಾಗೆ ಮಾಡಿದಾಗ ಬೂಟ್‌ಗೆ, ಅಂದರೆ ಕಂಪ್ಯೂಟರ್ ಶುರುವಾಗಲಿಕ್ಕೆ ಬೇಕಾದ ಫೈಲುಗಳಿಗೆ, ಬೇರೆಯೇ ಸಣ್ಣ ಪಾರ್ಟಿಷನ್ ಆಗುತ್ತದೆ. ಹೊಸ ಕರ್ನಲ್ ಬಂದ ಹಾಗೆ ಹಳೆಯದು ಅಲ್ಲೇ ಕೂತು ಕೂತು, ಒಂದು ದಿನ ಜಾಗ ಇಲ್ಲ ಅಂತ ಅಪ್‌ಡೇಟ್ ಅರ್ಧಕ್ಕೇ ನಿಂತಿತ್ತು. ಸ್ಕ್ರಿಪ್ಟ್ ಬಂದ ಮೇಲೆ ಆ ತಲೆನೋವು ಇಲ್ಲ. ನಿಜ ಹೇಳಬೇಕಂದ್ರೆ ಅದು ಒಳಗೆ ಮಾಡುವುದು ಆಪ್ಟ್‌ನ (ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ, ತೆಗೆಯುವ ಪ್ರೋಗ್ರಾಂ) ಆಟೋರಿಮೂವ್, ಅಂದರೆ ಬೇಡವಾದದ್ದನ್ನು ತಾನಾಗಿ ತೆಗೆಯುವ ಆಜ್ಞೆ, ಅಷ್ಟೇ. ಈಗ ಓಡುತ್ತಿರುವ ಕರ್ನಲ್ಲನ್ನೂ ಹೊಸದನ್ನೂ ಆಪ್ಟ್ ತಾನಾಗಿಯೇ ಉಳಿಸಿಕೊಳ್ಳುತ್ತದೆ, ಸ್ಕ್ರಿಪ್ಟಿನ ಜಾಣತನ ಏನಿಲ್ಲ ಅಲ್ಲಿ.

ಆ್ಯಪ್ ಹಾಕುವ ಇನ್ನೊಂದು ವ್ಯವಸ್ಥೆ ಸ್ನ್ಯಾಪ್, ಅದರದ್ದೂ ಹಾಗೇ. ಪ್ರತಿ ಆ್ಯಪ್‌ನ ಹಿಂದಿನ ಆವೃತ್ತಿಯನ್ನು ಸ್ನ್ಯಾಪ್ ಇಟ್ಟುಕೊಂಡಿರುತ್ತದೆ, ಹೊಸದು ಕೈಕೊಟ್ಟರೆ ಹಿಂದಕ್ಕೆ ಹೋಗಲಿ ಅಂತ. ಸ್ಕ್ರಿಪ್ಟ್ ಅದನ್ನು ತೆಗೆಯುತ್ತದೆ, ನನಗೆ ಜಾಸ್ತಿ ಜಾಗ ಸಿಕ್ಕಿದ್ದು ಇಲ್ಲೇ. ಇನ್ನೊಂದು ಸಾಲು ಉಂಟು, ಪ್ಯಾಕೇಜ್ ಹೋದ ಮೇಲೂ ಉಳಿದ ಕಾನ್ಫಿಗ್ (ಸೆಟ್ಟಿಂಗ್) ಫೈಲುಗಳನ್ನು ಗುಡಿಸುವುದು. ನೋಡಲಿಕ್ಕೆ ಉದ್ದ ಪಟ್ಟಿ ಬರುತ್ತದೆ, ಸಿಗುವ ಜಾಗ ನಾಲ್ಕು ಕೆಬಿ. ಸುಮ್ನೆ.

ಗ್ರಹಚಾರ ಇದ್ದದ್ದು ಕೊನೆಯ ಭಾಗದಲ್ಲಿ. ಅಲ್ಲಿ "ಯಾರಿಗೂ ಬೇಡದ" ಪ್ಯಾಕೇಜುಗಳು ಅಂತ ಒಂದು ಪಟ್ಟಿ. ಆಟಗಳು, ಮೇಲ್ ಪ್ರೋಗ್ರಾಂ, ಅದೆಲ್ಲ ಸರಿ. ಅದೇ ಪಟ್ಟಿಯ ಕೆಳಗೆ ಫಾಂಟ್ಸ್-ಲೋಹಿತ್, ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು ಕೂಡ ಇತ್ತು. ಸ್ಕ್ರಿಪ್ಟನ್ನು ಪರದೇಶದಲ್ಲಿ ಕೂತು ಬರೆದವನಿಗೆ ಇಂಡಿಯಾದ ಫಾಂಟ್ ಯಾಕೆ ಬೇಕು ಹೇಳಿ. ಮೊದಮೊದಲು ಆ ಭಾಗದ ಮುಂದೆ ಹ್ಯಾಶ್ ಚಿಹ್ನೆ ಇತ್ತು, ಹಾಗಾಗಿ ಓಡುತ್ತಿರಲಿಲ್ಲ. ಹೊಸ ಆವೃತ್ತಿ ತಂದು ಹಾಕಿದಾಗ ಅದು ಇರಲಿಲ್ಲ, ನಾನು ನೋಡಲೂ ಇಲ್ಲ.

ಪತ್ತನಾಜೆಗೆ (ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ) ಮೊದಲಿನ ಗಡಿಬಿಡಿ. ಹರಕೆ ಆಟದ, ಅಂದರೆ ಹರಕೆಯ ಯಕ್ಷಗಾನದ, ಕರಪತ್ರಕ್ಕೆ ಅಂತ ಭಟ್ರು ಬಂದು ಕೂತಿದ್ದರು. ಹಿಂದಿನ ದಿನ ಮಾಡಿಟ್ಟ ಫೈಲನ್ನು ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಪುಟ ತುಂಬ ಚೌಕ. ದಿನಾಂಕ, ಗಂಟೆ, ಫೋನ್ ನಂಬರಿನ ಅಂಕೆಗಳು ಮಾತ್ರ ಸರಿ ಇದ್ದವು, ಪ್ರಸಂಗದ ಹೆಸರಿಲ್ಲ, ಸೇವಾಕರ್ತರ ಹೆಸರಿಲ್ಲ. ಭಟ್ರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇದೆಂತ ಮಾರಾಯ್ರೆ, ಚೌಕಿಪೂಜೆ ಅಂತ ಹಾಕಿ ಅಂದರೆ ಬರೀ ಚೌಕ ಹಾಕಿದ್ದೀರಲ್ಲ!" ಚೌಕಿಪೂಜೆ ಅಂದರೆ ಆಟಕ್ಕೆ ಮೊದಲು ವೇಷ ಕಟ್ಟುವ ಚೌಕಿಯಲ್ಲಿ ಮಾಡುವ ಪೂಜೆ. ನನಗೆ ನಗು ಬರಲಿಲ್ಲ. ಫೈಲ್ ಹಾಳಾಗಿದೆ ಅಂತ ಹೆದರಿ ಮತ್ತೆ ಟೈಪ್ ಮಾಡಲಿಕ್ಕೆ ಹೋದೆ, ಅದೂ ಚೌಕ. ಫೈರ್‌ಫಾಕ್ಸ್‌ನಲ್ಲಿ ಪೇಪರ್ ತೆರೆದೆ, ಅಲ್ಲೂ ಚೌಕ. ಆಗ ಗೊತ್ತಾಯಿತು ಫೈಲ್ ಸರಿ ಉಂಟು, ಫಾಂಟೇ ಹೋಗಿದೆ ಅಂತ.

ಆಪ್ಟ್ ತಾನು ಮಾಡಿದ್ದನ್ನೆಲ್ಲ ವಾರ್ ಲಾಗ್ ಆಪ್ಟ್ (/var/log/apt) ಫೋಲ್ಡರಿನ ಹಿಸ್ಟರಿ ಲಾಗ್‌ನಲ್ಲಿ ಬರೆದಿಡುತ್ತದೆ. ತೆರೆದು ನೋಡಿದರೆ ಹಿಂದಿನ ರಾತ್ರಿಯ ಹೊತ್ತು, ಪರ್ಜ್ (ಸೆಟ್ಟಿಂಗ್ ಸಮೇತ ತೆಗೆದುಹಾಕುವುದು) ಅಂತ ಒಂದು ಸಾಲು, ಅದರ ಮುಂದೆ ಗುಬ್ಬಿ, ನವಿಲು ಎಲ್ಲ ಸಾಲಾಗಿ ಹಾರಿಹೋಗಿದ್ದವು. ಫಾಂಟ್ಸ್-ಇಂಡಿಕ್ ಅಂತ ಒಂದೇ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದೆ, ಎಲ್ಲ ವಾಪಸ್ ಬಂತು. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಆದರೆ ಭಟ್ರು ಅಷ್ಟರಲ್ಲಿ ಚಾ ಕುಡಿದು ಬರ್ತೇನೆ ಅಂತ ಹೋದವರು ಮಧ್ಯಾಹ್ನವೇ ಬಂದದ್ದು.

ಅಕ್ಕನ ಮಗನಿಗೆ ಫೋನ್ ಮಾಡಿದೆ. "ಓದದೆ ಓಡಿಸಿದ್ರಾ ಮಾವ?" ಅಂದ. ಓದಲಿಕ್ಕೆ ಹೇಳಿದ್ದು ಯಾವಾಗ ಮಾರಾಯ ನೀನು! ಆದರೂ ಅವನ ಮಾತು ಸರಿಯೇ. ಸ್ಕ್ರಿಪ್ಟಿನಲ್ಲಿ ಎಲ್ಲ ಕಡೆ ಹೈಫನ್ ವೈ (-y) ಹಾಕಿದ್ದರು, ಅಂದರೆ ಏನು ಕೇಳಿದರೂ ಮೊದಲೇ ಹೂಂ ಅಂದ ಹಾಗೆ. ಆಪ್ಟ್ ಪಟ್ಟಿ ತೋರಿಸುತ್ತದೆ, ಆದರೆ ಓದಲಿಕ್ಕೆ ಪುರುಸೊತ್ತು ಕೊಡುವುದಿಲ್ಲ. ನಾನು ಮೊದಲು ತೆಗೆದದ್ದು ಅದನ್ನೇ. ಆಮೇಲೆ "ಯಾರಿಗೂ ಬೇಡದ" ಪಟ್ಟಿಯನ್ನು ಪೂರ್ತಿ ಅಳಿಸಿದೆ. ಪ್ರಿಂಟರ್ ಡ್ರೈವರುಗಳ ಹೆಸರೂ ಅದರಲ್ಲಿತ್ತು, ಜೆರಾಕ್ಸ್ ಅಂಗಡಿಯಲ್ಲಿ!

ಇನ್ನೊಂದು ವಿಷಯ, ನಾನೂ ತಪ್ಪು ತಿಳಿದುಕೊಂಡಿದ್ದೆ. ಆಪ್ಟ್-ಮಾರ್ಕ್ ಮ್ಯಾನುಯಲ್ (ನಾನೇ ಬೇಕೆಂದು ಹಾಕಿದ್ದು) ಅಂತ ಗುರುತು ಹಾಕಿದರೆ ಆಟೋರಿಮೂವ್‌ನಿಂದ ಮಾತ್ರ ರಕ್ಷಣೆ. ಹೆಸರು ಹಿಡಿದು ಪರ್ಜ್ ಮಾಡಿದರೆ ಅದು ತಡೆಯುವುದಿಲ್ಲ. ಹೋಲ್ಡ್ (ಇದನ್ನು ಮುಟ್ಟಬೇಡ ಅಂತ ಗುರುತು) ಹಾಕಿದರೆ ಹೈಫನ್ ವೈ ಇದ್ದರೂ ಆಪ್ಟ್ ಎರರ್ ಕೊಟ್ಟು ನಿಲ್ಲುತ್ತದೆ. ಕನ್ನಡದ ಫಾಂಟುಗಳಿಗೆ ಹೋಲ್ಡ್ ಹಾಕಿಟ್ಟಿದ್ದೇನೆ. ಮತ್ತೆ ಮಳೆಗಾಲದಲ್ಲಿ ಇದನ್ನು ಓಡಿಸುವುದಾದರೆ ಯುಪಿಎಸ್ ನೋಡಿಕೊಳ್ಳಿ. ಒಮ್ಮೆ ನಡುವೆ ಕರೆಂಟು ಹೋಗಿ ಆಪ್ಟ್‌ನ ಕೆಳಗೆ ಕೆಲಸ ಮಾಡುವ ಡಿಪಿಕೆಜಿಗೆ ಕಾನ್ಫಿಗರ್ ಹೈಫನ್ ಎ (dpkg --configure -a) ಕೊಟ್ಟು ಸರಿ ಮಾಡಬೇಕಾಯಿತು.

ಐದರಲ್ಲಿ ಮೂರು ಕೊಡುತ್ತೇನೆ. ಈಗ ಉಳಿದದ್ದು ಕರ್ನಲ್, ಸ್ನ್ಯಾಪ್, ಆಪ್ಟ್ ಕ್ಯಾಶ್ (ಆಪ್ಟ್ ಇಳಿಸಿಟ್ಟುಕೊಂಡ ಪ್ಯಾಕೇಜ್ ಫೈಲುಗಳು), ಈ ಮೂರನ್ನು ಗುಡಿಸುವ ಕೆಲಸ ಮಾತ್ರ. ಓಡಿಸುವ ಮೊದಲು ಭಟ್ರ ಕರಪತ್ರದ ಫೈಲನ್ನು ಒಮ್ಮೆ ಪ್ರಿಂಟ್ ತೆಗೆಯುತ್ತೇನೆ, ಓಡಿಸಿ ಆದ ಮೇಲೆ ಅದನ್ನೇ ಇನ್ನೊಮ್ಮೆ.