ರೊಟ್ಟಿ ಅಂಗಡಿಯ ರಂಜಕ ತಗೊಳ್ಳಿ, ಶೇಂಗಾ ಚಟ್ನಿ ಮನೇಲೇ ಮಾಡ್ಕೊಳ್ಳಿ

ಬೆಂಗಳೂರಿನ ವಿಜಯನಗರದಲ್ಲಿ ನಮ್ಮನೆ ಹತ್ರ ಒಂದು ರೊಟ್ಟಿ ಅಂಗಡಿ ಇದೆ, ಬೋರ್ಡಲ್ಲಿ ಬರೀ ಜೋಳದ ರೊಟ್ಟಿ ಸಿಗುತ್ತದೆ ಅಂತ ಬರ್ದಿದಾರೆ ಅಷ್ಟೇ, ಹೆಸರು ಗಿಸರು ಏನೂ ಇಲ್ಲ. ಒಳಗೆ ಒಬ್ರು ಅಕ್ಕ ಬಡೀತಾ ಇರ್ತಾರೆ, ಇನ್ನೊಬ್ರು ಬೇಯಿಸ್ತಾ ಇರ್ತಾರೆ, ಹೊರಗೆ ಒಂದು ಟೇಬಲ್ ಮೇಲೆ ಚಟ್ನಿ ಡಬ್ಬಿಗಳು. ಅವರ ರೊಟ್ಟಿ ಚೆನ್ನಾಗಿದೆ ಅಂತ ಏರಿಯಾಗೆಲ್ಲ ಗೊತ್ತು, ಅದರ ಬಗ್ಗೆ ನಾನು ಹೊಸದಾಗಿ ಹೇಳೋದೇನಿಲ್ಲ. ನಾನು ಬರೀತಿರೋದು ಆ ಡಬ್ಬಿಗಳ ಬಗ್ಗೆ, ಯಾಕಂದ್ರೆ ಯಾವುದನ್ನ ದುಡ್ಡು ಕೊಟ್ಟು ತಗೋಬೇಕು ಯಾವುದನ್ನ ತಗೋಬಾರದು ಅಂತ ಯಾರೂ ಹೇಳಲ್ಲ, ಎಲ್ಲಾ ಸೂಪರ್ ಎಲ್ಲಾ ಸೂಪರ್ ಅಂತಾರೆ.

ನಾನು ಮಂಡ್ಯ ಕಡೆಯವಳು, ನಮ್ಮಲ್ಲಿ ನೆಂಚ್ಕೊಳೋಕೆ ಅಂದ್ರೆ ಕಾಯಿ ಚಟ್ನಿ, ಹುಚ್ಚೆಳ್ಳು ಚಟ್ನಿ, ಜಾಸ್ತಿ ಅಂದ್ರೆ ಟೊಮೇಟೊ ಗೊಜ್ಜು. ಮದ್ವೆ ಆಗಿದ್ದು ಗದಗದ ಮನೆಗೆ. ಅಲ್ಲಿ ಊಟಕ್ಕೆ ಕೂತ್ರೆ ತಟ್ಟೆ ಅಂಚಲ್ಲೇ ನಾಲ್ಕು ಬಣ್ಣ ಇರುತ್ತೆ, ಕೆಂಪು, ಹಸಿರು, ಕಪ್ಪು, ಕಂದು, ಪಲ್ಯ ಆಮೇಲೆ ಬರುತ್ತೆ. ಹಾಗಾಗಿ ಈ ರಿವ್ಯೂನಲ್ಲಿ ನಾಲಿಗೆ ಅರ್ಧ ನಂದು, ಅರ್ಧ ನಮ್ಮತ್ತೆದು. ತೀರ್ಪು ಕೊಡೋದ್ರಲ್ಲಿ ಅವ್ರು ನನಗಿಂತ ಸ್ಟ್ರಿಕ್ಟು.

ಮೊದ್ಲು ರಂಜಕ, ಅಂದ್ರೆ ಉತ್ತರ ಕರ್ನಾಟಕದ ಕೆಂಪು ಮೆಣಸಿನಕಾಯಿ ಚಟ್ನಿ. ಈ ಅಂಗಡಿಗೆ ಹೋಗೋದೇ ಇದಕ್ಕೋಸ್ಕರ ಅಂದ್ರೂ ತಪ್ಪಿಲ್ಲ. ಕಾಲು ಕೇಜಿ ಡಬ್ಬಿ 130 ರೂಪಾಯಿ. ಬೆಂಗಳೂರಲ್ಲಿ ಕೆಂಪು ಚಟ್ನಿ ಅಂತ ಮಾರೋದ್ರಲ್ಲಿ ಮುಕ್ಕಾಲು ಪಾಲು ಒಣಮೆಣಸಿನಕಾಯಿ ನೆನೆಸಿ ರುಬ್ಬಿ ಬೆಳ್ಳುಳ್ಳಿ ಹಾಕಿರೋದು, ಅದು ದೋಸೆಗೆ ಹಚ್ಚೋಕೆ ಓಕೆ, ಆದ್ರೆ ರಂಜಕ ಅಲ್ಲ. ರಂಜಕಕ್ಕೆ ಗಿಡದಲ್ಲೇ ಕೆಂಪಾಗಿರೋ ಹಸಿ ಹಣ್ಣು ಮೆಣಸಿನಕಾಯಿ ಬೇಕು, ಅದು ಸಿಗೋದು ಚಳಿಗಾಲದಲ್ಲಿ, ಸಂಕ್ರಾಂತಿ ಹಿಂದೆ ಮುಂದೆ. ನಾನು ಇದನ್ನ ಅಂಗಡಿ ಅಕ್ಕಂಗೆ ಕೇಳಿದ್ದಕ್ಕೆ ಅವ್ರು ರೊಟ್ಟಿ ಬಡಿಯೋದು ನಿಲ್ಸಿ, "ಒಣಗಿದ್ದು ನೆನಸಿ ರುಬ್ಬಿದ್ರ ರಂಜಕ ಹೆಂಗ ಆಗ್ತೈತ್ರೀ ಅಕ್ಕಾರ, ಅದು ಖಾರ ಆಗ್ತೈತಿ ಅಷ್ಟ" ಅಂದ್ರು. ಅಲ್ಲಿಗೆ ನಮ್ಮತ್ತೆ ಇವರ ಪಾರ್ಟಿ ಸೇರ್ಕೊಂಡ್ರು.

ಡಬ್ಬಿ ಮುಚ್ಚಳ ತೆಗೆದ್ರೆ ಮೊದ್ಲು ಮೂಗಿಗೆ ಬರೋದು ಖಾರ ಅಲ್ಲ, ಹುಳಿ ಹಿಡಿದಿರೋ ಒಂದು ವಾಸನೆ, ಅದರ ಹಿಂದೆ ಹುರಿದ ಮೆಂತ್ಯ, ಆಮೇಲೆ ಇಂಗು. ತರಿತರಿಯಾಗಿದೆ, ಬೀಜ ಕಣ್ಣಿಗೆ ಕಾಣುತ್ತೆ, ಸಿಪ್ಪೆ ತುಣುಕು ಹಲ್ಲಿಗೆ ಸಿಗುತ್ತೆ. ನುಣ್ಣಗೆ ಪೇಸ್ಟ್ ಥರ ಇದ್ದಿದ್ರೆ ನಾನು ವಾಪಸ್ ಇಟ್ಬಿಡ್ತಿದ್ದೆ. ಬಣ್ಣಕ್ಕೆ ಬ್ಯಾಡಗಿ ಹಾಕ್ತಾರೆ, ಖಾರಕ್ಕೆ ಸ್ವಲ್ಪ ಬೇರೆ ಜಾತಿದು ಸೇರಿಸ್ತಾರಂತೆ, ಅದು ಸರಿಯಾದ ಲೆಕ್ಕಾನೇ, ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ ಖಾರ ಕಮ್ಮಿ. ಹಾವೇರಿ ಜಿಲ್ಲೆ ಬ್ಯಾಡಗಿ ಊರಿನ ಹೆಸರಿನ ಈ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ (ಆ ಊರಿನ ವಿಶೇಷ ಅನ್ನೋ ಸರ್ಕಾರಿ ಗುರುತು) ಕೂಡ ಸಿಕ್ಕಿದೆ, ಅದರಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಥರ, ಡಬ್ಬಿ ಗಿಡ್ಡ ದಪ್ಪ, ಕಡ್ಡಿ ಉದ್ದ ಸಣ್ಣ. ಇದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತೆ, ಅಂದ್ಮೇಲೆ ನಮ್ಮ ರೊಟ್ಟಿ ಕೆಂಪಾಗೋದು ಯಾವ ದೊಡ್ಡ ವಿಷ್ಯ.

ತಿನ್ನೋದು ಹೇಗೆ ಅಂದ್ರೆ, ದಯವಿಟ್ಟು ಬೆರಳಲ್ಲಿ ನೆಕ್ಕಿ ನೋಡಿ ಅಯ್ಯೋ ಉರಿ ಅಂತ ಒಂದು ಸ್ಟಾರ್ ಕೊಡ್ಬೇಡಿ. ಒಂದು ಚಮಚ ರಂಜಕ ತಟ್ಟೇಲಿ ಹಾಕ್ಕೊಂಡು ಮಧ್ಯ ಗುಳಿ ಮಾಡಿ ಹಸಿ ಶೇಂಗಾ ಎಣ್ಣೆ ಹುಯ್ಕೊಳ್ಳಿ, ಇಲ್ಲಾಂದ್ರೆ ಬೆಣ್ಣೆ, ಇಲ್ಲಾಂದ್ರೆ ಗಟ್ಟಿ ಮೊಸರು. ಖಾರದ ಅಂಶ ಕರಗೋದು ಜಿಡ್ಡಲ್ಲಿ, ನೀರಲ್ಲಲ್ಲ, ಅದಕ್ಕೇ ಲೋಟಗಟ್ಟಲೆ ನೀರು ಕುಡಿದ್ರೂ ಉರಿ ಹೋಗಲ್ಲ, ಎರಡು ತುತ್ತು ಮೊಸರಿಗೆ ಹೋಗುತ್ತೆ. ನಮ್ಮನೇಲಿ ಬಿಸಿ ಅನ್ನ ತುಪ್ಪಕ್ಕೂ ಇದೇ, ಮಗಳು ಬ್ರೆಡ್ಡಿಗೆ ಬೆಣ್ಣೆ ಜೊತೆ ಹಚ್ಕೋತಾಳೆ, ಬಾಟ್ಲಿ ಚಿಲ್ಲಿ ಸಾಸ್ ಫ್ರಿಡ್ಜ್ ಬಾಗಿಲಲ್ಲಿ ಅನಾಥವಾಗಿ ಕೂತಿದೆ.

ಮನೇಲಿ ಮಾಡ್ಬಹುದಾ ಅಂದ್ರೆ ಮಾಡ್ಬಹುದು. ನಮ್ಮತ್ತೆ ಲೆಕ್ಕ ಹೇಳ್ತೀನಿ ಕೇಳಿ, ಕೇಜಿ ಹಣ್ಣು ಮೆಣಸಿನಕಾಯಿಗೆ 200 ಗ್ರಾಂ ಉಪ್ಪು, ತೊಳೆದ ಮೇಲೆ ತೊಟ್ಟು ತೆಗೀಬೇಕು (ಮೊದ್ಲೇ ತೆಗೆದ್ರೆ ಒಳಗೆ ನೀರು ಹೋಗುತ್ತೆ), ಬಟ್ಟೆ ಮೇಲೆ ಹರಡಿ ಪೂರ್ತಿ ಆರಿಸಬೇಕು, ಉಪ್ಪು ಹಾಕಿ ತರಿಯಾಗಿ ರುಬ್ಬಿ ಜಾಡೀಲಿ ಎರಡು ಮೂರು ದಿನ ಬಿಟ್ಟು ಆಮೇಲೆ ನಿಂಬೆರಸ, ಮೆಂತ್ಯದ ಪುಡಿ, ಇಂಗು. ಬೆಳ್ಳುಳ್ಳಿ ಹಾಕೋದು ಬಿಡೋದು ನಿಮ್ಮಿಷ್ಟ, ಕೆಲವರು ನಿಂಬೆ ಬದ್ಲು ಹುಣಸೆಹಣ್ಣು ಹಾಕ್ತಾರೆ. ಮಾಡೋದು ಕಷ್ಟ ಅಲ್ಲ, ಆದ್ರೆ ಫ್ಲಾಟ್ ಅಡುಗೆಮನೇಲಿ ಮೂರು ಕೇಜಿ ಮೆಣಸಿನಕಾಯಿ ರುಬ್ಬಿದ್ರೆ ಪಕ್ಕದ ಮನೆಯವರೂ ಕೆಮ್ತಾರೆ, ರಾತ್ರಿ ತನಕ ಕೈ ಉರಿಯುತ್ತೆ. 130 ರೂಪಾಯಿ ನಾನು ಕೊಡೋದು ಅದಕ್ಕೆ.

ಹುಣಸೆ ತೊಕ್ಕು ಎರಡನೇ ನಂಬರ್. ಎಳೇದೂ ಅಲ್ಲ ಹಣ್ಣೂ ಅಲ್ಲದ ಹುಣಸೆಕಾಯಿ, ಹಸಿಮೆಣಸಿನಕಾಯಿ, ಉಪ್ಪು, ಅರಿಶಿನ, ಮೆಂತ್ಯ ಹಾಕಿ ಕುಟ್ಟಿ ಇಟ್ಟು ಕೆಲವು ದಿನ ಆದ್ಮೇಲೆ ಬೀಜ ನಾರು ತೆಗೆದು ಮತ್ತೆ ರುಬ್ಬೋದು. ಆ ನಾರು ತೆಗಿಯೋ ಕೆಲಸಾನೇ ಅಸಲಿ ಕೆಲಸ. ಇವರ ತೊಕ್ಕಲ್ಲಿ ಅಲ್ಲಲ್ಲಿ ನಾರು ಸಿಗುತ್ತೆ, ನನಗದು ಕಿರಿಕಿರಿ, ನಮ್ಮತ್ತೆಗೆ ಅದು ಕೈಯಲ್ಲಿ ಮಾಡಿದ್ದಕ್ಕೆ ಸಾಕ್ಷಿ. ಹಾಗೇ ತಿನ್ಬೇಡಿ, ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟು ಚೂರು ಬೆಲ್ಲ ಹಾಕಿ ನೋಡಿ, ಮೊಸರನ್ನಕ್ಕೆ ಇದ್ರೆ ಉಪ್ಪಿನಕಾಯಿ ನೆನಪೇ ಬರಲ್ಲ.

ಕರಿಂಡಿ ಎಲ್ರಿಗೂ ಅಲ್ಲ. ಹಸಿಮೆಣಸು, ಅಗಸಿ, ಸಾಸಿವೆ, ತರಕಾರಿ ಚೂರು ಎಲ್ಲಾ ಹಾಕಿ ಹುಳಿ ಬರಿಸಿರೋದು, ಸಾಸಿವೆ ಘಾಟು ನೇರ ನೆತ್ತಿಗೆ ಹೊಡೆಯುತ್ತೆ, ಅಗಸಿಯಿಂದ ಸ್ವಲ್ಪ ಲೋಳೆ ಲೋಳೆ. ಮೊದಲ ಸಲ ತಿಂದಾಗ ನಂಗೆ ಇಷ್ಟ ಆಗ್ಲಿಲ್ಲ, ಈಗ್ಲೂ ಸುಮಾರು. ನಮ್ಮನೆಯವರು ಮಾತ್ರ ಡಬ್ಬಿ ಕೆರೆದು ತಿಂತಾರೆ. ವರ್ಷ ಪೂರ್ತಿ ಸಿಗಲ್ಲ, ಚಳಿಗಾಲದಲ್ಲಿ ಮಾಡ್ತಾರೆ, ಖಾಲಿ ಆದ್ರೆ ಆಯ್ತು.

ಇನ್ನು ಬೇಡ ಅನ್ನೋ ಲಿಸ್ಟು. ಶೇಂಗಾ ಹಸಿ ಚಟ್ನಿ ಡಬ್ಬೀಲಿ ತಗೋಬೇಡಿ, ಅದು ಬೆಳಗ್ಗೆ ರುಬ್ಬಿರ್ತಾರೆ ಸಂಜೆಗೆ ರುಚಿ ಹೋಗಿರುತ್ತೆ, ಶೇಂಗಾ ಹುರಿದು ಬೆಳ್ಳುಳ್ಳಿ ಉಪ್ಪು ಖಾರ ಹಾಕಿ ಮಿಕ್ಸಿ ತಿರುಗಿಸಿದ್ರೆ ಮನೇಲೇ ಐದು ನಿಮಿಷದ ಕೆಲಸ. ಟೊಮೇಟೊ ಗೊಜ್ಜು ಕೂಡ ಇಟ್ಟಿದಾರೆ, ಸಕ್ಕರೆ ಜಾಸ್ತಿ, ಬೆಂಗಳೂರಿನವರಿಗೆ ಅಂತ ಮಾಡಿರ್ಬೇಕು, ಮಂಡ್ಯದವಳಾಗಿ ಹೇಳ್ತೀನಿ ಗೊಜ್ಜು ಅವರ ಕೈಗೆ ಹತ್ತಿಲ್ಲ. ಪುಡಿಗಳು ಪರವಾಗಿಲ್ಲ, ಗುರೆಳ್ಳು (ನಮ್ಮ ಕಡೆ ಹುಚ್ಚೆಳ್ಳು) ಪುಡಿ ಚೆನ್ನಾಗಿದೆ, ಅಗಸಿ ಪುಡಿ ಸ್ವಲ್ಪ ಸೀದಿರೋ ವಾಸನೆ ಬರುತ್ತೆ.

ಒಂದು ದೊಡ್ಡ ಕಂಪ್ಲೇಂಟ್ ಇದೆ. ಡಬ್ಬಿ ಮೇಲೆ ಯಾವ ತಾರೀಖೂ ಇಲ್ಲ, ಲೇಬಲ್ಲೇ ಇಲ್ಲ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಲೈಸೆನ್ಸ್) ನಂಬರ್ ಅಂತೂ ಕೇಳ್ಬೇಡಿ. ಪ್ರಿಸರ್ವೇಟಿವ್ ಹಾಕಲ್ಲ ಅಂತ ಹೆಮ್ಮೆಯಿಂದ ಹೇಳ್ತಾರೆ, ಸರಿ, ಹಾಗಿದ್ರೆ ಯಾವಾಗ ಮಾಡಿದ್ದು ಅಂತ ಗೊತ್ತಾಗೋದು ಇನ್ನೂ ಮುಖ್ಯ ಅಲ್ವಾ. ಒಂದ್ಸಲ ತಂದಿದ್ದ ತೊಕ್ಕಿನ ಮೇಲೆ ಬಿಳಿ ಬೂಷ್ಟು ಕಟ್ಟಿತ್ತು, ಇನ್ನೂ ಚಮಚಾನೂ ಹಾಕಿರ್ಲಿಲ್ಲ. ತಗೊಂಡ್ ಹೋಗಿ ತೋರಿಸಿದ್ರೆ ಒಂದು ಮಾತೂ ಆಡದೆ ಬೇರೆ ಡಬ್ಬಿ ಕೊಟ್ರು, ಅದು ಅವರ ದೊಡ್ಡತನ, ಆದ್ರೆ ಮಾರ್ಕರ್ ಪೆನ್ನಲ್ಲಿ ತಾರೀಖು ಬರೆಯೋಕೆ ಎಷ್ಟು ಹೊತ್ತು ಬೇಕು. ಹೇಳಿದೀನಿ, "ಬರಸ್ತೀನ್ರೀ ಅಕ್ಕಾರ" ಅಂದಿದಾರೆ, ಇನ್ನೂ ಬರ್ಸಿಲ್ಲ. ಅಲ್ಲೀತನಕ ಯಾವಾಗ ಮಾಡಿದ್ದು ಅಂತ ಕೇಳಿ ತಗೊಳ್ಳಿ, ಮನೆಗೆ ತಂದ ಕೂಡ್ಲೇ ಒಣಗಿದ ಗಾಜಿನ ಬಾಟ್ಲಿಗೆ ಹಾಕಿ ಮೇಲೆ ಎಣ್ಣೆ ನಿಲ್ಲೋ ಹಾಗೆ ಹುಯ್ದು ಫ್ರಿಡ್ಜಲ್ಲಿಡಿ, ಒದ್ದೆ ಚಮಚ ಹಾಕ್ಬೇಡಿ. ಸ್ಟೀಲ್ ಡಬ್ಬೀಲಿ ತೊಕ್ಕು ಬೇಡ್ವೇ ಬೇಡ, ಉಪ್ಪು ಹುಳಿ ಎರಡೂ ಅಷ್ಟಿರುತ್ತೆ.

ನನ್ನ ಕಡೆಯಿಂದ ರಂಜಕಕ್ಕೆ ಐದಕ್ಕೆ ಐದು, ತೊಕ್ಕಿಗೆ ನಾಲ್ಕು, ಅಂಗಡಿಗೆ ಒಟ್ಟಾರೆ ಮೂರೂವರೆ, ಆ ಒಂದೂವರೆ ಕಟ್ ಮಾಡಿರೋದು ತಾರೀಖಿಗೆ ಮತ್ತೆ ಗೊಜ್ಜಿಗೆ. ಸಂಜೆ ಏಳರ ಮೇಲೆ ಹೋದ್ರೆ ರೊಟ್ಟಿಗೆ ಕ್ಯೂ ಇರುತ್ತೆ, ಚಟ್ನಿ ಮಾತ್ರ ಬೇಕಂದ್ರೆ ಪಕ್ಕದಿಂದ ಕೈ ಹಾಕಿ ಕೇಳಿ ಕೊಡ್ತಾರೆ, ಫೋನ್ ಪೇ ಇದೆ, ಗಾಡಿ ನಿಲ್ಸೋಕೆ ಮಾತ್ರ ಜಾಗ ಇಲ್ಲ. ಸ್ವಲ್ಪ ರುಚಿ ತೋರಿಸಿ ಅಂದ್ರೆ ಬಿಸಿ ರೊಟ್ಟಿ ತುಂಡಿಗೆ ಎಣ್ಣೆ ಸವರಿ ರಂಜಕ ಹಚ್ಚಿ ಕೊಡ್ತಾರೆ, ಸಂಕೋಚ ಪಡ್ದೆ ಕೇಳಿ.