ನಾಲಿಗೆ ಕೆಳಗಿಡುವ ಅಲರ್ಜಿ ಮಾತ್ರೆ: ಮೂರು ವರ್ಷದ ಕೋರ್ಸ್ ಮುಗಿಸಿದವಳ ವಿಮರ್ಶೆ

ಐದಕ್ಕೆ ನಾಲ್ಕು ನಕ್ಷತ್ರ. ಧೂಳಿನ ಮೈಟ್ (ಕಣ್ಣಿಗೆ ಕಾಣದಷ್ಟು ಸಣ್ಣ ಹುಳ) ಅಲರ್ಜಿಗೆ ನಾಲಿಗೆ ಕೆಳಗಿಟ್ಟುಕೊಳ್ಳುವ ಇಮ್ಯುನೋಥೆರಪಿ ಮಾತ್ರೆಯ ಬಗ್ಗೆ ಬರೆಯುತ್ತಿದ್ದೇನೆ. ಅಲರ್ಜಿ ತರುವ ವಸ್ತುವನ್ನೇ ದಿನಾ ಸ್ವಲ್ಪ ಸ್ವಲ್ಪ ಕೊಟ್ಟು ದೇಹಕ್ಕೆ ಒಗ್ಗಿಸುವ ಚಿಕಿತ್ಸೆ ಇದು. ಮೂರು ವರ್ಷದ ಕೋರ್ಸ್ ಮುಗಿಸಿ, ನಿಲ್ಲಿಸಿ ಒಂದು ವರ್ಷದ ಮೇಲಾಗಿದೆ. ಅದಕ್ಕಿಂತ ಮೊದಲು ಬರೆದಿದ್ದರೆ ಅರ್ಥವಿರುತ್ತಿರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಹಾಡು ಕಲಿಸುವವಳು. ಮೂಗು ಕಟ್ಟಿದರೆ 'ಮ' ಅಂದದ್ದು 'ಬ' ಅಂತ ಕೇಳಿಸುತ್ತದೆ, 'ನ' ಅಂದದ್ದು 'ದ' ಆಗುತ್ತದೆ. ಶ್ರುತಿ ಸರಿಯಿದ್ದರೂ ನಾದ ಸತ್ತುಹೋಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಸೀನು, ಕಣ್ಣು ತುರಿಕೆ, ಬಾಯಲ್ಲೇ ಉಸಿರಾಟ. ಮೈಟ್‌ಗಳು ನಮ್ಮ ಮೈಯಿಂದ ಉದುರುವ ಚರ್ಮದ ಚೂರು ತಿಂದು ಹಾಸಿಗೆ, ದಿಂಬಿನಲ್ಲೇ ಬದುಕುತ್ತವೆ. ಹಾಗಾಗಿ ರಾತ್ರಿಯೆಲ್ಲ ಅವುಗಳ ಜೊತೆಗೇ ಮಲಗಿರುತ್ತೇವೆ, ಬೆಳಗ್ಗೆ ಜಾಸ್ತಿ ತೊಂದರೆ ಕೊಡುತ್ತದೆ.

ವರ್ಷಗಟ್ಟಲೆ ಆಂಟಿಹಿಸ್ಟಮಿನ್ ನುಂಗಿದ್ದೇನೆ. ಅದರ ಮೇಲೆ ನನಗೆ ದೂರಿಲ್ಲ. ಸೀನು, ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಹೋಗಿ ಕೂರುವ ಜಾಗವನ್ನು ಅದು ಮೊದಲೇ ಹಿಡಿದುಕೊಳ್ಳುತ್ತದೆ, ಸೀನು ನಿಲ್ಲುತ್ತದೆ. ಕಟ್ಟಿದ ಮೂಗಿಗೆ ಮಾತ್ರ ಅದು ಸಾಲದು, ಸ್ಟೀರಾಯ್ಡ್ ಸ್ಪ್ರೇ ಬೇಕಾಯಿತು. ಎರಡನ್ನೂ ಬಿಟ್ಟರೆ ಮತ್ತೆ ಅದೇ ಕಥೆ.

ಬಿಟ್ಟ ಕೂಡಲೇ ಯಾಕೆ ಮರಳುತ್ತದೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಮಾತ್ರೆ ಬರೆದುಕೊಟ್ಟ ಡಾಕ್ಟರಿಂದ. ಆ ಉತ್ತರ ಗೊತ್ತಿದ್ದದ್ದರಿಂದಲೇ ನಾನು ಮೂರು ವರ್ಷ ಹಿಡಿದು ಕೂತೆ.

ಅಲರ್ಜಿ ತರುವುದು ಐಜಿಇ ಎಂಬ ಪ್ರತಿಕಾಯ, ಅಂದರೆ ಹೊರಗಿನಿಂದ ಬಂದದ್ದನ್ನು ಗುರುತಿಸಿ ಹಿಡಿಯಲು ದೇಹ ತಯಾರಿಸುವ ಪ್ರೋಟೀನ್. 1960ರ ದಶಕದ ಕೊನೆಯಲ್ಲಿ ಜಪಾನ್ ಮೂಲದ ವಿಜ್ಞಾನಿಗಳಾದ ಇಶಿಜಾಕಾ ದಂಪತಿ ಅದನ್ನು ಗುರುತಿಸಿದರು. ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಚ್ ಕೂಡ ತಮ್ಮದೇ ದಾರಿಯಲ್ಲಿ ಅಲ್ಲಿಗೇ ಬಂದರು. ಈ ಐಜಿಇ, ಮೂಗಿನ ಒಳಪದರ, ಚರ್ಮದಂಥ ಕಡೆ ಇರುವ ಮಾಸ್ಟ್ ಕೋಶಗಳ ಮೈಗೆ ಅಂಟಿಕೊಂಡಿರುತ್ತದೆ. ಮೈಟ್‌ನ ಪ್ರೋಟೀನ್ ಬಂದು ಅದಕ್ಕೆ ತಗುಲಿದರೆ ಮಾಸ್ಟ್ ಕೋಶ ಹಿಸ್ಟಮಿನ್ ಸುರಿಯುತ್ತದೆ. ಆದರೆ ರಕ್ತದಲ್ಲಿರುವ ಐಜಿಇ ಎರಡು ದಿನದಲ್ಲೇ ಅರ್ಧಕ್ಕೆ ಇಳಿಯುತ್ತದೆ. ಕೋಶಕ್ಕೆ ಅಂಟಿದ್ದು ಕೆಲವು ವಾರ ಉಳಿಯಬಹುದು. ಇಷ್ಟು ಬೇಗ ಕರಗುವ ವಸ್ತು ವರ್ಷಾನುಗಟ್ಟಲೆ ಕಾಡುತ್ತದೆ ಅಂದರೆ ಅದನ್ನು ಮತ್ತೆ ಮತ್ತೆ ಮಾಡುತ್ತಿರುವವರು ಯಾರೋ ಇರಬೇಕು, ಅಲ್ವಾ?

ಇದ್ದಾರೆ. ನೆನಪಿನ ಕೋಶಗಳು. ಲಸಿಕೆ ಹಾಕಿಸಿಕೊಂಡ ಮೇಲೆ ರೋಗಾಣುವನ್ನು ವರ್ಷಗಳ ನಂತರವೂ ಗುರುತು ಹಿಡಿಯುವುದು ಇದೇ ಬಗೆಯ ಕೋಶಗಳು. ಅಲರ್ಜಿ ಇರುವವರಲ್ಲಿ ಅವು ನಿರುಪದ್ರವಿ ಪ್ರೋಟೀನನ್ನು ಶತ್ರು ಅಂತ ನೆನಪಿಟ್ಟುಕೊಂಡಿರುತ್ತವೆ. ನನಗೆ ತುಂಬ ಹಿಡಿಸಿದ ಸಂಗತಿ ಒಂದಿದೆ. ಪ್ರತಿಕಾಯ ತಯಾರಿಸುವ ಕೋಶಗಳಿಗೆ ಬಿ ಕೋಶ ಅನ್ನುತ್ತಾರೆ. ಐಜಿಇ ಹೊತ್ತ ನೆನಪಿನ ಬಿ ಕೋಶಗಳು ರಕ್ತದಲ್ಲಿ ಸಿಗುವುದೇ ಅಪರೂಪ. ಹಾಗಾದರೆ ಅಲರ್ಜಿಯ ನೆನಪು ಎಲ್ಲಿ ಅಡಗಿದೆ ಅನ್ನುವುದು ಬಹಳ ಕಾಲ ಒಗಟಾಗಿತ್ತು. 2024ರಲ್ಲಿ ಎರಡು ಸಂಶೋಧನಾ ತಂಡಗಳು ಒಂದೇ ಹೊತ್ತಿಗೆ ಇದಕ್ಕೆ ಉತ್ತರ ಪ್ರಕಟಿಸಿದವು. ನೆನಪು ಕೂತಿರುವುದು ಐಜಿಜಿ ಎಂಬ ಬೇರೆಯೇ ಪ್ರತಿಕಾಯ ಹೊತ್ತ ಒಂದು ವಿಶೇಷ ಗುಂಪಿನ ಬಿ ಕೋಶಗಳಲ್ಲಿ. ಅಲರ್ಜಿಕಾರಕ ಮತ್ತೆ ಎದುರಾದಾಗ ಅವು ಐಜಿಇ ತಯಾರಿಕೆಗೆ ಹೊರಳುತ್ತವೆ. ಹಾಗೆ ಹೊರಳಲು ಟಿ ಕೋಶಗಳ, ಅಂದರೆ ಪ್ರತಿರಕ್ಷೆಯ ಉಳಿದ ಕೋಶಗಳನ್ನು ನಡೆಸುವ ಕೋಶಗಳ, ಕುಮ್ಮಕ್ಕು ಬೇಕು. ಅಲರ್ಜಿ ಇರುವವರಲ್ಲಿ ಮಾತ್ರ ಎದ್ದು ಕಾಣುವ ನೆನಪಿನ ಟಿ ಕೋಶಗಳ ಗುಂಪೊಂದನ್ನು 2017ರಲ್ಲಿ ವಿವರಿಸಿ, ಟಿಎಚ್2ಎ ಅಂತ ಹೆಸರಿಟ್ಟರು.

ಆಂಟಿಹಿಸ್ಟಮಿನ್ ಇವುಗಳ ಹತ್ತಿರಕ್ಕೂ ಹೋಗುವುದಿಲ್ಲ. ಈ ಮಾತ್ರೆ ಹೋಗುತ್ತದೆ, ನಿಧಾನವಾಗಿ. ದಿನಾ ಅಳತೆ ಮಾಡಿದ ಮೈಟ್ ಪ್ರೋಟೀನ್ ನಾಲಿಗೆ ಕೆಳಗೆ ಸಿಗುತ್ತಾ ಹೋದರೆ ಪ್ರತಿಕ್ರಿಯೆಯನ್ನು ಹತ್ತಿಕ್ಕುವ ಟಿ ಕೋಶಗಳು ಬಲಗೊಳ್ಳುತ್ತವೆ. ಐಜಿಜಿ4 ಪ್ರತಿಕಾಯ ಏರಿ, ಐಜಿಇಗೆ ಸಿಗುವ ಮೊದಲೇ ಪ್ರೋಟೀನನ್ನು ಹಿಡಿಯುತ್ತದೆ. ಅಲರ್ಜಿಗೆ ಕುಮ್ಮಕ್ಕು ಕೊಡುವ ಟಿ ಕೋಶಗಳು ಕ್ರಮೇಣ ಕಡಿಮೆಯಾಗುತ್ತವೆ. 1911ರಲ್ಲಿ ಲಂಡನ್ನಿನ ಲೆನಾರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಈ ದಾರಿ ತೆರೆದಾಗ ಐಜಿಇ ಅನ್ನುವುದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಈಗ ಬಳಕೆಯ ವಿಷಯ. ಮೊದಲ ಮಾತ್ರೆಯನ್ನು ಕ್ಲಿನಿಕ್‌ನಲ್ಲೇ ಕೊಟ್ಟು ಅರ್ಧ ಗಂಟೆ ಕೂರಿಸಿಕೊಂಡರು. ಇದನ್ನು ಯಾರಾದರೂ ತಪ್ಪಿಸಿದರೆ ಅಲ್ಲಿಂದ ಎದ್ದು ಬನ್ನಿ. ಆಮೇಲಿನದೆಲ್ಲ ಮನೆಯಲ್ಲೇ. ಮಾತ್ರೆ ಬಾಯಲ್ಲಿ ಕ್ಷಣದಲ್ಲಿ ಕರಗುತ್ತದೆ. ಒಂದು ನಿಮಿಷ ನುಂಗಬಾರದು, ಐದು ನಿಮಿಷ ಏನೂ ತಿನ್ನಬಾರದು, ಕುಡಿಯಬಾರದು. ಶುರುವಿನ ವಾರಗಳಲ್ಲಿ ನಾಲಿಗೆ ಕೆಳಗೆ ಮತ್ತು ಕಿವಿಯೊಳಗೆ ವಿಪರೀತ ತುರಿಕೆ. ಗಂಟಲು ಕೆರೆಯುತ್ತಿತ್ತು, ಹಾಡುವವರಿಗೆ ಇದು ಭಯ ಹುಟ್ಟಿಸುತ್ತದೆ. ನಾನು ಮಾತ್ರೆಯನ್ನು ಪಾಠವೆಲ್ಲ ಮುಗಿದ ಮೇಲೆ ಸಂಜೆಗೆ ಬದಲಾಯಿಸಿಕೊಂಡೆ. ಬರಬರುತ್ತಾ ತುರಿಕೆ ತಾನಾಗಿ ಹೋಯಿತು. ಹಲ್ಲು ಕೀಳಿಸಿದಾಗ ಗಾಯ ಮಾಯುವವರೆಗೆ ನಿಲ್ಲಿಸಲು ಹೇಳಿದರು, ನಿಲ್ಲಿಸಿದೆ.

ಮೊದಲ ತಿಂಗಳುಗಳಲ್ಲಿ ಬದಲಾವಣೆ ಏನೂ ಕಾಣಲಿಲ್ಲ. ಈ ಹಂತದಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಐಜಿಇ ಇಳಿಯುವ ಬದಲು ಏರಿರುವುದೂ ಉಂಟು, ಅದು ಕೆಟ್ಟ ಸೂಚನೆ ಅಲ್ಲ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಸ್ಪ್ರೇ ಮುಟ್ಟುವುದು ಅಪರೂಪವಾಯಿತು. ಎರಡನೇ ವರ್ಷದಲ್ಲಿ ಬೆಳಗಿನ ಪಾಠಗಳನ್ನು ಮತ್ತೆ ತೆಗೆದುಕೊಂಡೆ. ಇಲ್ಲೇ ಬಹಳ ಜನ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಹುಲ್ಲಿನ ಪರಾಗದ ಅಲರ್ಜಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡೇ ವರ್ಷ ಚಿಕಿತ್ಸೆ ಕೊಟ್ಟು ನಿಲ್ಲಿಸಿದರು. ಇನ್ನೊಂದು ವರ್ಷ ಬಿಟ್ಟು ನೋಡಿದರೆ ಸುಮ್ಮನೆ ಕೊಟ್ಟ ಹುಸಿ ಮದ್ದಿಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಉಳಿದಿರಲಿಲ್ಲ. 1999ರ ಇನ್ನೊಂದು ಅಧ್ಯಯನದಲ್ಲಿ ಮೂರ್ನಾಲ್ಕು ವರ್ಷ ಚುಚ್ಚುಮದ್ದು ಪಡೆದವರಿಗೆ, ನಿಲ್ಲಿಸಿದ ಮೇಲೂ ಮೂರು ವರ್ಷ ಗುಣ ಉಳಿದಿತ್ತು. ನೆನಪಿನ ಕೋಶಗಳು ಸುಲಭಕ್ಕೆ ಬಗ್ಗುವುದಿಲ್ಲ.

ಒಂದು ನಕ್ಷತ್ರ ಕಳೆದಿದ್ದು ಇದೇ ಕಾರಣಕ್ಕೆ. ಡಬ್ಬಿಯೊಳಗಿನ ಹಾಳೆಯಲ್ಲಿ ಹೇಗೆ ತೆಗೆದುಕೊಳ್ಳಬೇಕು ಅಂತ ಇದೆ. ಯಾಕೆ ಮೂರು ವರ್ಷ ಅಂತ ಮನಸ್ಸಿಗೆ ನಾಟುವ ಹಾಗೆ ಒಂದು ಸಾಲೂ ಇಲ್ಲ. 2013ರಲ್ಲಿ ಬಂದ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದರಲ್ಲಿ ನಾಲಿಗೆ ಕೆಳಗಿನ ಚಿಕಿತ್ಸೆ ಶುರು ಮಾಡಿದವರಲ್ಲಿ ಮೂರು ವರ್ಷ ಮುಟ್ಟಿದ್ದು ಶೇ. 7 ಮಾತ್ರ. ಇಷ್ಟು ಒಳ್ಳೆಯ ಮದ್ದು ಅರ್ಧಕ್ಕೇ ಬಿಟ್ಟು ವ್ಯರ್ಥವಾಗುವುದು ನೋಡಿದರೆ ಸಂಕಟವಾಗುತ್ತದೆ.

ಇದಕ್ಕೂ ಮುಂಚೆ ಬೇರೊಂದು ಕ್ಲಿನಿಕ್‌ಗೆ ಹೋಗಿದ್ದೆ. ನನ್ನ ತೊಂದರೆ ಏನು, ಯಾವಾಗ ಬರುತ್ತದೆ ಅಂತ ಕೇಳಲೇ ಇಲ್ಲ. ರಕ್ತ ತೆಗೆದುಕೊಂಡು ಉದ್ದನೆಯ ಪಟ್ಟಿ ಕೊಟ್ಟರು, ಪಾಸಿಟಿವ್ ಬಂದದ್ದನ್ನೆಲ್ಲ ಸೇರಿಸಿ ಒಂದೇ ಸೀಸೆ ಮದ್ದು ಮಾಡಿಕೊಡುತ್ತೇವೆ ಅಂದರು. ಬೇಡ ಅಂದು ಬಂದೆ. ಪಾಸಿಟಿವ್ ಅಂದರೆ ಐಜಿಇ ಇದೆ ಅಂತ ಅಷ್ಟೇ. ಅದರಿಂದಲೇ ನಿಮಗೆ ಕಾಯಿಲೆ ಬರುತ್ತಿದೆ ಅಂತ ಅಲ್ಲ. ಎದುರಾದಾಗ ನಿಜಕ್ಕೂ ಲಕ್ಷಣ ಕಾಣಬೇಕು. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಮಾಡಿಸುವುದಾದರೆ ಕೆಲವು ದಿನ ಮೊದಲೇ ಆಂಟಿಹಿಸ್ಟಮಿನ್ ನಿಲ್ಲಿಸಬೇಕು, ಇಲ್ಲದಿದ್ದರೆ ದದ್ದು ಏಳದೆ ತಪ್ಪು ಉತ್ತರ ಬರುತ್ತದೆ.

ಈಗ ಹೇಗಿದ್ದೇನೆ? ಪೂರ್ತಿ ವಾಸಿ ಅನ್ನಲಾರೆ. ಹಳೇ ಪರದೆ ಕೊಡವಿದರೆ ಸೀನುತ್ತೇನೆ. ದಿಂಬಿನ ಕವರ್, ಹೊದಿಕೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವುದು ಬಿಟ್ಟಿಲ್ಲ. ಆದರೆ ದಿನನಿತ್ಯದ ಮದ್ದು ಇಲ್ಲ, ಬೆಳಗಿನ ಪಾಠದಲ್ಲಿ 'ಮ' ಸರಿಯಾಗಿ 'ಮ' ಅಂತಲೇ ಬರುತ್ತದೆ.

ಒಂದೇ ಅಲರ್ಜಿ ಮುಖ್ಯವಾಗಿ ಕಾಡುತ್ತಿರುವವರು, ಮಾಮೂಲಿ ಮದ್ದಿನಲ್ಲಿ ಸಮಾಧಾನ ಸಿಗದವರು ಇದರ ಬಗ್ಗೆ ಅಲರ್ಜಿ ತಜ್ಞರನ್ನು ಕೇಳಿ. ಆಸ್ತಮಾ ಹತೋಟಿಯಲ್ಲಿ ಇಲ್ಲದಿದ್ದರೆ ಇದನ್ನು ಶುರು ಮಾಡುವ ಹಾಗಿಲ್ಲ, ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಬೀಟಾ ಬ್ಲಾಕರ್ (ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಒಂದು ಬಗೆಯ ಮದ್ದು) ಮಾತ್ರೆ ತೆಗೆದುಕೊಳ್ಳುವವರು ಅದನ್ನು ಡಾಕ್ಟರಿಗೆ ತಪ್ಪದೆ ತಿಳಿಸಿ.